ನಾನು ಸಾಯಿಸಿದ ಆಸ್ಟ್ರಿಯಾದ ಚಾಂಪಿಯನ್

ಆಟೋಟದ ವಿಷಯದಲ್ಲಿ ನನಗೆ ತಿಳಿಯದ್ದು ಕಡಿಮೆ ಎಂದು ನಾನು ಅರವತ್ತೆಂಟು ವರ್ಷ ನಂಬಿಕೊಂಡಿದ್ದೆ. ಓದಿದ್ದು ಎಸ್ಸೆಸ್ಸೆಲ್ಸಿ, ಅದೂ ಎರಡನೆಯ ಪ್ರಯತ್ನಕ್ಕೆ ಪಾಸು. ಆದರೆ ಮೈಸೂರಿನ ಒಂದು ಗಿರಣಿಯ ಗೇಟಿನಲ್ಲಿ ಮೂವತ್ತು ವರ್ಷ ಟೈಮ್ ಕೀಪರ್ ಆಗಿದ್ದವನು ನಾನು. ಒಂದು ಕಡೆ ಹಾಜರಿ ಪುಸ್ತಕ, ಇನ್ನೊಂದು ಕಡೆ ರೇಡಿಯೊ. ಕ್ರಿಕೆಟ್, ಹಾಕಿ, ಕುಸ್ತಿ ಯಾವುದನ್ನೂ ಬಿಟ್ಟವನಲ್ಲ. ಪಂದ್ಯ ಮುಗಿಯುವ ಮೊದಲೇ ಫಲಿತಾಂಶ ಹೇಳುವವನು ಎಂದು ಗಿರಣಿಯಲ್ಲಿ ನನಗೆ ಹೆಸರಿತ್ತು. ಹತ್ತರಲ್ಲಿ ಆರು ಸಲ ಅದು ತಪ್ಪಾಗುತ್ತಿತ್ತು. ಹೆಸರಿಗೆ ಅದರಿಂದ ಯಾವ ಧಕ್ಕೆಯೂ ಬಂದಿರಲಿಲ್ಲ.

ಈ ಹೆಸರನ್ನು ಹೊತ್ತುಕೊಂಡು ನಾನು ಹೆಂಡತಿ ಸರೋಜಳೊಂದಿಗೆ ಉತ್ತರ ಕೆರೊಲಿನಾದ ಏಪೆಕ್ಸ್ ಎಂಬ ಊರಿನಲ್ಲಿದ್ದ ಮಗಳ ಮನೆಗೆ ಆರು ತಿಂಗಳ ಮಟ್ಟಿಗೆ ಹೋದೆ. ನಾಲ್ಕನೆಯ ತಿಂಗಳಿನಲ್ಲಿ ಒಬ್ಬ ಗಟ್ಟಿಮುಟ್ಟಾದ ಮನುಷ್ಯನನ್ನು ಸಾಯಿಸಿದೆ. ಇದು ಅದರ ತಪ್ಪೊಪ್ಪಿಗೆ.

ಮಗಳು ಉಷಾಗೆ ಎರಡು ಡಿಗ್ರಿ, ಅಳಿಯ ರವಿಗೆ ಎರಡು ಡಿಗ್ರಿ. ಪಕ್ಕದ ಮನೆಯ ನಾಯಿಗೂ ತರಬೇತಿ ಶಾಲೆಯ ಸರ್ಟಿಫಿಕೇಟು ಇತ್ತು. ಅಂಥ ಬೀದಿಯಲ್ಲಿ ನನಗೆ ಮಾಡಲು ಕೆಲಸವೂ ಇರಲಿಲ್ಲ, ಹೇಳಲು ಮಾತೂ ಇರಲಿಲ್ಲ. "ಅಪ್ಪ, ಟಿವಿ ಸೌಂಡು ಸ್ವಲ್ಪ ಕಮ್ಮಿ ಮಾಡ್ತೀರಾ" ಎನ್ನುವುದನ್ನು ಬಿಟ್ಟರೆ ನಾಲ್ಕು ತಿಂಗಳಲ್ಲಿ ಯಾರೂ ನನ್ನಿಂದ ಏನನ್ನೂ ಬಯಸಿರಲಿಲ್ಲ. ಹೀಗಿರುವಾಗ ಫೆಬ್ರವರಿಯ ಒಂದು ದಿನ ಐದನೆಯ ಕ್ಲಾಸಿನ ಮೊಮ್ಮಗಳು ಮೇಘಾ ನನ್ನ ಮುಂದೆ ಬಂದು ನಿಂತಳು.

"ತಾತ, ನಿಂಗೆ ಸ್ಪೋರ್ಟ್ಸ್ ಎಲ್ಲಾ ಗೊತ್ತು ಅಲ್ವಾ? ನಂಗೆ ಹೆಲ್ಪ್ ಮಾಡ್ತೀಯಾ?"

ಜಪಾನಿನಲ್ಲಿ ಆಗ ಚಳಿಗಾಲದ ಒಲಿಂಪಿಕ್ಸ್ ನಡೆಯುತ್ತಿತ್ತು. ಟೀಚರು ಕ್ಲಾಸಿನ ಒಂದೊಂದು ಮಗುವಿಗೆ ಒಂದೊಂದು ದೇಶ ಹಂಚಿದ್ದರು. ಮೇಘಾಗೆ ಬಂದದ್ದು ಆಸ್ಟ್ರಿಯಾ. ಆ ದೇಶದ ಹೆಸರಾಂತ ಕ್ರೀಡಾಪಟುಗಳ ಚಿತ್ರಗಳನ್ನು ಒಂದು ದೊಡ್ಡ ರಟ್ಟಿನ ಬೋರ್ಡಿಗೆ ಅಂಟಿಸಿ, ಅವರ ಸಾಧನೆ ಬರೆದು, ಕ್ಲಾಸಿನ ಮುಂದೆ ಐದು ನಿಮಿಷ ಮಾತಾಡಬೇಕು. ಮನೆಯ ಹಿರಿಯರೂ ಬಂದು ನೋಡಬಹುದು.

"ಆಸ್ಟ್ರಿಯಾ ತಾನೇ? ನೀರು ಕುಡಿದಷ್ಟು ಸುಲಭ" ಎಂದೆ.

ಅವಳು ಕುಣಿಯುತ್ತ ಹೋದ ಮೇಲೆ ಸರೋಜ ಅಡುಗೆಮನೆಯಿಂದ ಕೇಳಿದಳು. "ರೀ, ಆಸ್ಟ್ರಿಯಾ ಎಲ್ಲಿದೆ ಅಂತ ಗೊತ್ತಾ ನಿಮಗೆ?"

"ಯುರೋಪಿನಲ್ಲಿ."

"ಯುರೋಪಿನಲ್ಲಿ ಎಲ್ಲಿ?"

"ನಡುವೆ."

ನಡುವೆ ಎಂದರೆ ಸಾಮಾನ್ಯವಾಗಿ ತಪ್ಪಾಗುವುದಿಲ್ಲ. ಅವತ್ತೂ ಆಗಲಿಲ್ಲ. ಇದು ನನ್ನ ಧೈರ್ಯವನ್ನು ಅನಾವಶ್ಯಕವಾಗಿ ಹೆಚ್ಚಿಸಿತು.

ಊರಿನ ಲೈಬ್ರರಿಯಿಂದ ಪುಸ್ತಕ ತಂದೆವು. ಅವಳು ಓದಿ ಹೇಳಿದಳು, ನಾನು ತಲೆಯಾಡಿಸಿದೆ. ಅಂತೂ ನಾಲ್ಕು ಜನರನ್ನು ಆರಿಸಿದೆವು. ಅವರ ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ. ಆಗ ಉಚ್ಚರಿಸಲು ನಾಲಿಗೆ ಹೊರಳುತ್ತಿರಲಿಲ್ಲ, ಈಗ ಬರೆಯಲು ಮುಖವಿಲ್ಲ.

ಮೊದಲನೆಯವರು ಕಾರ್ ರೇಸಿನವರು. ರೇಸಿನ ನಡುವೆ ಕಾರು ಹೊತ್ತಿ ಉರಿದು, ಮುಖವೆಲ್ಲ ಸುಟ್ಟು, ಆಸ್ಪತ್ರೆಯಲ್ಲಿ ಪಾದ್ರಿಗಳು ಬಂದು ಕೊನೆಯ ಪ್ರಾರ್ಥನೆಯನ್ನೂ ಮಾಡಿ ಹೋದರಂತೆ. ಆರು ವಾರಕ್ಕೆ ಅವರು ಬ್ಯಾಂಡೇಜು ಕಟ್ಟಿಕೊಂಡೇ ಮತ್ತೆ ಕಾರು ಹತ್ತಿದರು. ಮರುವರ್ಷ ಮತ್ತೆ ವಿಶ್ವ ಚಾಂಪಿಯನ್. ಎರಡನೆಯವರು ಎಡಗೈ ಟೆನಿಸ್ ಆಟಗಾರರು. ಇನ್ನೇನು ಫೈನಲ್ ಆಡಬೇಕು, ಯಾರೋ ಕುಡಿದು ಓಡಿಸುತ್ತಿದ್ದ ಕಾರು ಗುದ್ದಿ ಮೊಣಕಾಲು ಹೋಯಿತು. ಮಲಗಿಕೊಂಡರೆ? ಇಲ್ಲ. ಕಾಲು ಚಾಚಿಕೊಂಡು ಕೂರುವಂಥ ಒಂದು ಕುರ್ಚಿ ಮಾಡಿಸಿ, ಕೂತಲ್ಲಿಂದಲೇ ಚೆಂಡು ಹೊಡೆದು ಅಭ್ಯಾಸ ಮಾಡಿದರು. ಕೆಲವು ವರ್ಷಗಳ ಮೇಲೆ ಪ್ಯಾರಿಸ್ಸಿನ ಮಣ್ಣಿನ ಅಂಗಳದಲ್ಲಿ ಗೆದ್ದು, ಆಮೇಲೆ ಪ್ರಪಂಚಕ್ಕೇ ಒಂದನೆಯವರಾದರು. ಮೂರನೆಯವರು ಹಳದಿ ಬಟ್ಟೆ ತೊಟ್ಟು ತಮ್ಮ ದೇಶದ ಜನರ ಮುಂದೆಯೇ ಹಿಮದ ಬೆಟ್ಟವನ್ನು ಜಾರಿ ಇಳಿದವರು. ದಾರಿಯುದ್ದಕ್ಕೂ ಈಗ ಬಿದ್ದರು, ಆಗ ಬಿದ್ದರು ಎನ್ನುವಂತೆ ಓಲಾಡುತ್ತಲೇ ಬಂದು ಚಿನ್ನ ಗೆದ್ದರು.

ನಾಲ್ಕನೆಯವರು ಈ ಸಲದ ಒಲಿಂಪಿಕ್ಸಿಗೆ ಬಂದಿದ್ದ ಸ್ಕೀ ಆಟಗಾರರು. ಹುಡುಗನಾಗಿದ್ದಾಗ ಮೈಯಲ್ಲಿ ಕಸುವಿಲ್ಲ ಎಂದು ಸ್ಕೀ ಶಾಲೆಯಿಂದ ಮನೆಗೆ ಕಳಿಸಿದ್ದರಂತೆ. ವರ್ಷಗಟ್ಟಲೆ ಇಟ್ಟಿಗೆ ಜೋಡಿಸುವ ಗಾರೆ ಕೆಲಸ ಮಾಡಿ, ಮೈ ಬೆಳೆಸಿ, ತಿರುಗಿ ಬಂದು ಎಲ್ಲರನ್ನೂ ಹಿಂದೆ ಹಾಕಿದವರು. ಇವರು ನನಗೆ ಬಹಳ ಹಿಡಿಸಿದರು. ಡಿಗ್ರಿ ಇಲ್ಲದ, ಬೆವರು ಸುರಿಸಿದ ಮನುಷ್ಯ. ನಮ್ಮ ಗಿರಣಿಯ ಗೇಟಿನಲ್ಲಿ ಹಾಜರಿ ಹಾಕಿಸಿಕೊಂಡು ಒಳಗೆ ಹೋಗುವವರ ಪೈಕಿ ಎನ್ನಿಸಿತು.

ಮೇಘಾ ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ತಲೆಬರಹ ಬರೆದಳು. ಕನ್ನಡದಲ್ಲಿ ಹೇಳುವುದಾದರೆ, "ಇವರು ಮತ್ತೆ ಎದ್ದರು." ಇಷ್ಟು ಸ್ಪಷ್ಟವಾಗಿ ಬರೆದಿದ್ದ ಬೋರ್ಡನ್ನು ದಿನವೂ ನೋಡುತ್ತಿದ್ದ ನಾನು ಮುಂದೆ ಮಾಡಿದ್ದನ್ನು ನೋಡಿದರೆ, ಎಸ್ಸೆಸ್ಸೆಲ್ಸಿಯನ್ನು ಎರಡನೆಯ ಸಲಕ್ಕಾದರೂ ಹೇಗೆ ಪಾಸು ಮಾಡಿದೆ ಎಂದು ಆಶ್ಚರ್ಯವಾಗುತ್ತದೆ.

ಗುರುವಾರ ಸಂಜೆ ಬೆಟ್ಟ ಇಳಿಯುವ ದೊಡ್ಡ ಸ್ಪರ್ಧೆ. ಉಷಾ ಮೇಘಾಳನ್ನು ಈಜಿನ ಕ್ಲಾಸಿಗೆ ಕರೆದುಕೊಂಡು ಹೋಗಿದ್ದಳು. "ತಾತ, ನೀನು ನೋಡು, ನಂಗೆ ಎಲ್ಲಾ ಹೇಳು" ಎಂದು ಅವಳು ಜವಾಬ್ದಾರಿ ಒಪ್ಪಿಸಿ ಹೋಗಿದ್ದಳು. ನಾನು ನೋಟ್‌ಬುಕ್ಕು, ಪೆನ್ನು, ರಿಮೋಟು ಹಿಡಿದುಕೊಂಡು ಟಿವಿಯ ಮುಂದೆ ಕೂತೆ.

ನಮ್ಮ ಮನುಷ್ಯ ಹೊರಟರು. ಮೈಸೂರು ಬೆಂಗಳೂರು ಬಸ್ಸಿನ ಎರಡರಷ್ಟು ವೇಗ. ಒಂದು ತಿರುವಿನಲ್ಲಿ ಕಾಲು ನೆಲ ಬಿಟ್ಟಿತು. ಮೈ ಗಾಳಿಯಲ್ಲಿ ಅಡ್ಡಡ್ಡಲಾಗಿ ಹಾರಿತು. ತಲೆ ಕೆಳಗಾಗಿ ಹಿಮಕ್ಕೆ ಬಡಿದು, ಒಂದು ಬೇಲಿ ಮುರಿದು, ಇನ್ನೊಂದು ಬೇಲಿ ಮುರಿದು, ಎಲ್ಲೋ ಬಿಳಿ ರಾಶಿಯಲ್ಲಿ ಮಾಯವಾಯಿತು.

ನನ್ನ ಕೈ ತಾನಾಗಿ ರಿಮೋಟನ್ನು ಒತ್ತಿತು. ಟಿವಿ ಆರಿತು.

ಅಮೆರಿಕದವರು ಇಂಥ ಸಾವನ್ನೂ ತಿರುತಿರುಗಿಸಿ ನಿಧಾನವಾಗಿ ತೋರಿಸುತ್ತಾರೆ. ಅದನ್ನು ನೋಡುವ ಶಕ್ತಿ ನನಗಿರಲಿಲ್ಲ. ಇನ್ನೊಂದಿಷ್ಟು ಸೆಕೆಂಡು ತಾಳಿದ್ದರೆ ಆ ಮನುಷ್ಯ ಎದ್ದು, ಬಟ್ಟೆಯ ಹಿಮ ಕೊಡವಿ, ಜನರಿಗೆ ಕೈ ಬೀಸಿದ್ದನ್ನು ನೋಡುತ್ತಿದ್ದೆ. ಮೂವತ್ತು ವರ್ಷ ಒಂದು ನಿಮಿಷ ತಡವಾಗಿ ಬಂದವರನ್ನೂ ಬಿಡದ ಟೈಮ್ ಕೀಪರು ಜೀವನದಲ್ಲಿ ಒಂದೇ ಒಂದು ಸಲ ಅವಸರಪಟ್ಟ.

"ಯಾಕ್ರೀ ಆರಿಸಿಬಿಟ್ರಿ?" ಎಂದು ಸರೋಜ ಚಪಾತಿ ಹಿಟ್ಟಿನ ಕೈಯಲ್ಲೇ ಬಂದಳು.

"ಹೋದರು."

"ಯಾರು?"

"ಆಸ್ಟ್ರಿಯಾದವರು. ಗಾರೆ ಕೆಲಸದವರು."

"ಅಯ್ಯೋ ಪಾಪ. ಟಿವಿಲಿ ಹೇಳಿದ್ರಾ?"

"ಹೇಳೋದೇನು, ಕಣ್ಣಾರೆ ನೋಡಿದೆ."

ಮೇಘಾ ಒದ್ದೆ ಕೂದಲಿನಲ್ಲಿ ಓಡಿ ಬಂದಳು. ನಾನು ಅವಳನ್ನು ಪಕ್ಕ ಕೂರಿಸಿಕೊಂಡು, ಗಿರಣಿಯಲ್ಲಿ ಕಾರ್ಮಿಕರ ಮನೆಯವರಿಗೆ ಕೆಟ್ಟ ಸುದ್ದಿ ಹೇಳುತ್ತಿದ್ದ ದನಿಯಲ್ಲಿ ವಿಷಯ ತಿಳಿಸಿದೆ. ಅವಳು ಟಿವಿ ಕಡೆ ಕೈ ಚಾಚಿದಳು. "ಬೇಡ ಮಗು, ಮಕ್ಕಳು ನೋಡೋ ಅಂಥದ್ದಲ್ಲ" ಎಂದು ರಿಮೋಟನ್ನು ಅಂಗಿಯ ಜೇಬಿಗೆ ಹಾಕಿಕೊಂಡೆ.

"ಆರ್ ಯೂ ಶೂರ್, ತಾತ?"

"ನಾನು ಸುಳ್ಳು ಹೇಳ್ತೀನಾ ಪುಟ್ಟಿ?"

ಅವಳ ಕಣ್ಣು ತುಂಬಿತು. ಊಟವಾದ ಮೇಲೆ ಮಾರ್ಕರ್ ತೆಗೆದುಕೊಂಡು ತಲೆಬರಹದ ಕೆಳಗೆ ಇನ್ನೊಂದು ಸಾಲು ಸೇರಿಸಿದಳು. "ಮೂವರು ಎದ್ದರು. ಒಬ್ಬರು ಏಳಲಿಲ್ಲ."

ಮರುದಿನ ಶುಕ್ರವಾರ ಶಾಲೆಯಲ್ಲಿ ಟೀಚರುಗಳಿಗೆ ಮಾತ್ರ ಕೆಲಸ, ಮಕ್ಕಳಿಗೆ ರಜೆ. ಸೋಮವಾರವೂ ರಜೆ. ನಾಲ್ಕು ದಿನ ಸಿಕ್ಕಿತೆಂದು ರವಿ ನಮ್ಮನ್ನೆಲ್ಲ ಕಾರಿಗೆ ತುಂಬಿಕೊಂಡು ಮೇರಿಲ್ಯಾಂಡಿನ ಲ್ಯಾನ್‌ಹ್ಯಾಮ್‌ಗೆ ಹೊರಟ. ಅಲ್ಲಿಯ ದೇವಸ್ಥಾನದ ಹಾಲ್‌ನಲ್ಲಿ ಶನಿವಾರ ಕನ್ನಡದವರ ಒಂದು ಕೂಟ, ದಾಸರ ಆರಾಧನೆ. ಪಂಚಾಂಗದಲ್ಲಿ ಆರಾಧನೆ ಮುಗಿದು ವಾರಗಳಾಗಿದ್ದವು. ಆದರೆ ಆ ದೇಶದಲ್ಲಿ ಯಾವ ತಿಥಿಯಾದರೂ ಶನಿವಾರವೇ ಬರುತ್ತದೆ. ಬೆಳಗಿನ ಪೇಪರು ಪ್ಲಾಸ್ಟಿಕ್ ಚೀಲದಲ್ಲಿ ಮನೆಯ ಮುಂದೆ ಬಿದ್ದಿತ್ತು. "ಬಂದು ನೋಡೋಣ ಬಿಡಿ ಮಾವ" ಎಂದು ರವಿ ಅದರ ಪಕ್ಕದಿಂದಲೇ ಕಾರು ತಿರುಗಿಸಿದ. ಮೇಘಾ ನಾಲ್ಕು ಜನರ ಮುಂದೆ ಮಾತಾಡಿ ರೂಢಿಯಾಗಲಿ ಎಂದು ಬೋರ್ಡನ್ನೂ ತಂದಿದ್ದಳು. ಐದು ಗಂಟೆಯ ಹಾದಿ, ಅದು ನನ್ನ ತೊಡೆಯ ಮೇಲೇ ಇತ್ತು.

ಇಷ್ಟಕ್ಕೇ ನಿಂತಿದ್ದರೆ ನನ್ನದು ಒಂದು ಸಾಧಾರಣ ತಪ್ಪಾಗುತ್ತಿತ್ತು. ಆದರೆ ನಮ್ಮ ಕಡೆ ಸತ್ತವರಿಗೆ ಸಲ್ಲಬೇಕಾದ್ದು ಕೆಲವು ಇವೆ. ನನಗೆ ಸುಮ್ಮನಿರಲಾಗಲಿಲ್ಲ.

ಮೊದಲನೆಯದು, ಫೋಟೊಗೆ ಹಾರ. ಕೂಟದ ಅಧ್ಯಕ್ಷ ಗೋಪಿನಾಥರಿಗೆ ಕೊಡಲೆಂದು ಮೈಸೂರಿನಿಂದ ಒಂದು ಗಂಧದ ಹಾರ ತಂದಿದ್ದೆ. ಅದನ್ನು ಬಿಚ್ಚಿ, ನಾಲ್ಕನೆಯ ಚಿತ್ರದ ಸುತ್ತ ಅಳತೆಗೆ ಮಡಿಸಿ ಅಂಟಿಸಿದೆ.

"ಅಧ್ಯಕ್ಷರಿಗೆ ತಂದಿದ್ದು ಅಲ್ವೇನ್ರೀ ಅದು?" ಎಂದಳು ಸರೋಜ.

"ಅವರು ಇನ್ನೂ ಇದ್ದಾರಲ್ಲ."

ಎರಡನೆಯದು, ಮೌನಾಚರಣೆ. ಗೋಪಿನಾಥರನ್ನು ಪಕ್ಕಕ್ಕೆ ಕರೆದು ವಿಷಯ ಹೇಳಿದೆ. ಅವರು ಒಳ್ಳೆಯವರು. ಯಾವ ಔಪಚಾರಿಕತೆಯನ್ನೂ ಬೇಡವೆಂದವರಲ್ಲ.

"ಓ, ಅದಾ ಅಂಕಲ್? ಹೌದು ಹೌದು, ಏನೋ ಕೇಳ್ದಂಗಾಯ್ತು" ಎಂದರು. ಅವರು ಏನನ್ನೂ ಕೇಳಿರಲಿಲ್ಲ ಎಂದು ಈಗ ನನಗೆ ಗೊತ್ತು. "ಎಷ್ಟು ನಿಮಿಷ ಬೇಕು?"

"ಒಂದು."

"ಒಂದಾದ್ರೆ ಓಕೆ. ಒಂದೂವರೆಗೆ ಹಾಲ್ ಖಾಲಿ ಮಾಡ್ಬೇಕು ನಾವು."

ದೇವರನಾಮಕ್ಕೂ ಊಟಕ್ಕೂ ನಡುವೆ ನನ್ನನ್ನು ವೇದಿಕೆಗೆ ಕರೆದರು. ನಾಲ್ಕು ತಿಂಗಳಲ್ಲಿ ಮೊದಲ ಸಲ ನನ್ನ ಕೈಯಲ್ಲಿ ಮೈಕು. ಆಸ್ಟ್ರಿಯಾ ಎಂಬ ಚಿಕ್ಕ ದೇಶ, ಅದರ ದೊಡ್ಡ ಮಕ್ಕಳು, ಬೆಂಕಿಯಿಂದ ಎದ್ದು ಬಂದವರು, ಕುರ್ಚಿಯಲ್ಲಿ ಕೂತು ಟೆನಿಸ್ ಆಡಿದವರು, ಕೊನೆಗೆ ಹಿಮದಲ್ಲಿ ಅಸ್ತಂಗತರಾದ ಆ ಮಹಾನ್ ಚೇತನ ಎಂದು ಏಳು ನಿಮಿಷ ಮಾತಾಡಿದೆ. ಅಸ್ತಂಗತ ಎನ್ನುವ ಪದವನ್ನು ನಾನು ಅದಕ್ಕೂ ಮುಂಚೆ ಬಾಯಲ್ಲಿ ಹೇಳಿದವನೇ ಅಲ್ಲ. ಮುಂದಿನ ಸಾಲಿನ ಆಂಟಿಯೊಬ್ಬರು ಸೆರಗಿನಿಂದ ಕಣ್ಣೊರೆಸಿಕೊಂಡರು. ಎಲ್ಲರೂ ಎದ್ದು ನಿಂತರು. ಹುಳಿಯ ಘಮ ಬರುತ್ತಿತ್ತು. ನಾನು ವಾಚು ನೋಡಿಕೊಂಡು ಸರಿಯಾಗಿ ಅರವತ್ತು ಸೆಕೆಂಡಿಗೆ ಕೂರಲು ಹೇಳಿದೆ. ಆ ದಿನ ನಾನು ನಿಖರವಾಗಿ ಮಾಡಿದ ಕೆಲಸ ಅದೊಂದೇ.

ಊಟದ ಸಾಲಿನಲ್ಲಿ ಜಾರ್ಜಿಯಾದ ಸುವಾನಿಯಿಂದ ಬಂದಿದ್ದ ಡಾಕ್ಟರ್ ಪ್ರಸಾದ್ ನನ್ನ ಭುಜ ತಟ್ಟಿದರು. ಅವರು ಎರಡು ವರ್ಷದ ಹಿಂದೆ ಅಟ್ಲಾಂಟಾ ಒಲಿಂಪಿಕ್ಸನ್ನು ಕಣ್ಣಾರೆ ನೋಡಿದವರು. ಆದ್ದರಿಂದ ಆಟದ ವಿಷಯದಲ್ಲಿ ಅವರ ಮಾತೇ ಕೊನೆ.

"ಇಂಟರ್ನಲ್ ಇಂಜುರಿ, ಅಂಕಲ್. ಹೊರಗಡೆ ಏನೂ ಕಾಣಲ್ಲ. ಆನ್ ದಿ ಸ್ಪಾಟ್."

"ನೀವೂ ನೋಡಿದಿರಾ ಡಾಕ್ಟ್ರೇ?"

"ನೋಡ್ಬೇಕಾ ಅಂಕಲ್? ನೀವು ಹೇಳಿದ್ರಲ್ಲ, ಅಷ್ಟ್ರಲ್ಲೇ ಗೊತ್ತಾಗುತ್ತೆ."

ನೋಡಿ, ನನ್ನ ಸುದ್ದಿಗೆ ವೈದ್ಯಕೀಯ ಪ್ರಮಾಣಪತ್ರವೂ ಸಿಕ್ಕಿತು. ಮೊಸರನ್ನ ಮುಗಿಯುವ ಹೊತ್ತಿಗೆ ಯಾರೋ ನನಗೇ ಬಂದು ಹೇಳಿದರು, "ಅಂಕಲ್, ಪಾಪ, ಇಬ್ಬರು ಮಕ್ಕಳಂತೆ." ಮಕ್ಕಳ ವಿಷಯ ನಾನು ಎತ್ತಿಯೇ ಇರಲಿಲ್ಲ. ಅವರಿಗೆ ಮಕ್ಕಳಿದ್ದಾರೋ ಇಲ್ಲವೋ ಇಂದಿಗೂ ಗೊತ್ತಿಲ್ಲ. ಆದರೂ ನಿಟ್ಟುಸಿರು ಬಿಟ್ಟು ಹೂಂಗುಟ್ಟಿದೆ.

ಭಾನುವಾರ ಮಧ್ಯಾಹ್ನ ಏಪೆಕ್ಸಿಗೆ ಮರಳಿದೆವು. ದಾರಿಯ ಸುಸ್ತಿಗೆ ಮೇಘಾ ಸಂಜೆಯೇ ಮಲಗಿದಳು. ಉಷಾ, ರವಿ ಸಾಮಾನು ತರಲು ಅಂಗಡಿಗೆ ಹೋದರು. ನಾನು ಟಿವಿ ಹಾಕಿದೆ. ಮತ್ತೆ ಅದೇ ಬೆಟ್ಟ, ಇನ್ನೊಂದು ಸ್ಪರ್ಧೆ. ಒಬ್ಬ ಮನುಷ್ಯ ಸಿಡಿಲಿನ ಹಾಗೆ ಇಳಿದು ಬಂದ. ಜನ ಹುಚ್ಚೆದ್ದರು. ಅವನು ಕನ್ನಡಕ ಮೇಲೆತ್ತಿದ. ಮುಖ ತುಂಬ ನಗು.

ಸರೋಜ ಕೈಯಲ್ಲಿದ್ದ ಬೀನ್ಸನ್ನು ಕೆಳಗಿಟ್ಟಳು. "ರೀ, ಇವರು ನಮ್ಮ ಅವರಲ್ವಾ?"

"ಯಾವ ಅವರು?"

"ನಿನ್ನೆ ನಾವು ಎದ್ದು ನಿಂತ್ವಲ್ಲ, ಆ ಅವರು."

"ಅವರ ತಮ್ಮ ಇರಬಹುದು" ಎಂದೆ. ಪರದೆಯ ಮೇಲೆ ಹೆಸರು ಬಂತು. ಬೋರ್ಡಿನ ಮೇಲೆ ಮೇಘಾ ಬರೆದಿದ್ದ ಅದೇ ಅಕ್ಷರಗಳು, ಒಂದೂ ಹೆಚ್ಚು ಕಡಿಮೆಯಿಲ್ಲ. ಪಕ್ಕದಲ್ಲಿ ಚಿನ್ನದ ಪದಕದ ಗುರುತು. ಬಿದ್ದು ಮೂರು ದಿನವಾಗಿತ್ತು. ಸತ್ತು ಮೂರು ದಿನವಾದವರು ಒಲಿಂಪಿಕ್ಸಿನಲ್ಲಿ ಚಿನ್ನ ಗೆಲ್ಲುವ ಪದ್ಧತಿ ಇಲ್ಲ.

ನಾನು ಮತ್ತೆ ಟಿವಿ ಆರಿಸಿದೆ.

ಇಲ್ಲಿಯವರೆಗೆ ನಾನು ಮಾಡಿದ್ದು ದಡ್ಡತನ. ಇಲ್ಲಿಂದ ಮುಂದಕ್ಕೆ ಮಾಡಿದ್ದು ಪಾಪ. ಮಗುವನ್ನು ಎಬ್ಬಿಸಿ, "ಪುಟ್ಟಿ, ತಪ್ಪಾಯ್ತು, ಅವರು ಇದ್ದಾರೆ" ಎಂದು ಹೇಳಿದ್ದರೆ ಎರಡು ನಿಮಿಷದಲ್ಲಿ ಮುಗಿಯುತ್ತಿತ್ತು. ಅವಳು ಕುಣಿದಾಡುತ್ತಿದ್ದಳು. ಸರೋಜ ಅದನ್ನೇ ಹೇಳಿದಳು. "ಎಬ್ಬಿಸಿ ಹೇಳಿ. ಒಳ್ಳೇ ಸುದ್ದಿ ತಾನೇ?"

"ನಾಳೆ ಹೇಳ್ತೀನಿ. ಸಮಯ ನೋಡಿ."

"ನೀವು ಹೇಳದಿದ್ರೆ ನಾನು ಹೇಳ್ತೀನಿ."

"ಬೇಡ ಕಣೆ. ನಾನೇ ಹೇಳ್ಬೇಕು. ಒಂದು ದಿನ ಕೊಡು."

ಅವಳು ಒಂದು ದಿನ ಕೊಟ್ಟಳು. ನಾನು ಆ ದಿನವನ್ನು ಹೀಗೆ ಬಳಸಿದೆ. ಸೋಮವಾರ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಎದ್ದು, ಮಂಕಿ ಟೋಪಿ ಹಾಕಿಕೊಂಡು, ಮನೆಯ ಮುಂದೆ ಬಿದ್ದಿದ್ದ ಪೇಪರುಗಳನ್ನೆಲ್ಲ ಎತ್ತಿ ತಂದೆ. ಶುಕ್ರವಾರದ್ದರಲ್ಲಿ ಅವರು ಬಿದ್ದು ಎದ್ದ ಸುದ್ದಿ. ಸೋಮವಾರದ್ದರಲ್ಲಿ ಗೆದ್ದು ನಗುವ ಚಿತ್ರ. ಕತ್ತರಿ ತೆಗೆದುಕೊಂಡು ಎರಡನ್ನೂ ನೀಟಾಗಿ ಕತ್ತರಿಸಿ ಜೇಬಿಗಿಟ್ಟೆ.

ರವಿ ಕಾಫಿ ಕುಡಿಯುತ್ತ ಪೇಪರು ಬಿಡಿಸಿದ. ಅದರ ನಡುವಿನ ಕಿಟಕಿಯಿಂದ ನನ್ನ ಮುಖ ಕಂಡಿತು.

"ಏನ್ ಮಾವ ಇದು?"

"ಕೂಪನ್ನು" ಎಂದೆ.

"ಸ್ಪೋರ್ಟ್ಸ್ ಪೇಜಲ್ಲಾ?"

"ಶೂ ಅಂಗಡೀದು."

ರವಿ ಹನ್ನೆರಡು ವರ್ಷ ನನ್ನ ಅಳಿಯನಾಗಿದ್ದವನು. ಮುಂದೆ ಕೇಳಲಿಲ್ಲ.

ಮಧ್ಯಾಹ್ನ ಮೇಘಾ ನನ್ನ ಮುಂದೆ ನಿಂತು ಭಾಷಣ ಅಭ್ಯಾಸ ಮಾಡಿದಳು. ನಾಲ್ಕನೆಯವರ ಪಾಲು ಬಂದಾಗ ದನಿ ಸಣ್ಣದಾಯಿತು. ನಾನು ಗಂಟಲು ಸರಿಮಾಡಿಕೊಂಡೆ. "ಪುಟ್ಟಿ, ಮೂರೇ ಜನ ಸಾಕೇನೋ. ನಾಲ್ಕನೆಯವರನ್ನ ಬಿಟ್ಟುಬಿಡೋಣ. ಟೈಮ್ ಉಳಿಯುತ್ತೆ."

"ನೋ ತಾತ! ಹೀ ಈಸ್ ದಿ ಮೋಸ್ಟ್ ಇಂಪಾರ್ಟೆಂಟ್. ಅವರು ಇಲ್ಲ ಅಲ್ವಾ? ನಾನು ಹೇಳ್ಬೇಕು."

ಆಗ ಹೇಳಬೇಕಿತ್ತು. ಬಾಯಿ ತೆರೆದೆ. "ಚೆನ್ನಾಗಿ ಹೇಳ್ತೀಯ" ಎಂದೆ. ಆ ಬೀದಿಯಲ್ಲಿ ನನ್ನನ್ನು ಬಲ್ಲವನು ಎಂದು ನಂಬಿದ್ದ ಒಂದೇ ಜೀವ ಅದು. ಅವಳ ಮುಂದೆ ಸಣ್ಣವನಾಗುವುದಕ್ಕಿಂತ ಅವಳನ್ನು ಮೂವತ್ತು ಮಕ್ಕಳ ಮುಂದೆ ನಿಲ್ಲಿಸುವುದು ನನಗೆ ವಾಸಿ ಎನ್ನಿಸಿತಲ್ಲ, ಅದನ್ನು ಬರೆಯುವಾಗ ಈಗಲೂ ಪೆನ್ನು ನಿಲ್ಲುತ್ತದೆ. ರಾತ್ರಿ ಊಟಕ್ಕೆ ಕೂತಾಗ ಸರೋಜ ನನ್ನ ಮುಖ ನೋಡಿದಳು. "ಆಯ್ತು, ಹೇಳಿದೆ" ಎಂದೆ. ಮೂವತ್ತೆಂಟು ವರ್ಷ ಸಂಸಾರ ಮಾಡಿದವಳು ಅದನ್ನೂ ನಂಬಿದಳು.

ಮಂಗಳವಾರ ಉಷಾ ಕೆಲಸಕ್ಕೆ ಹೋಗುವ ದಾರಿಯಲ್ಲಿ ಮೇಘಾಳನ್ನೂ ನನ್ನನ್ನೂ ಶಾಲೆಯಲ್ಲಿ ಇಳಿಸಿದಳು. ಮಕ್ಕಳ ಪುಟ್ಟ ಕುರ್ಚಿಗಳಲ್ಲಿ ಹಿರಿಯರನ್ನು ಕೂರಿಸಿದ್ದರು. ನನ್ನ ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ನಾರ್ವೆ ಆಯಿತು, ಕೆನಡಾ ಆಯಿತು, ಮೇಘಾಳ ಸರದಿ ಬಂತು. ಅವಳು ಬೋರ್ಡು ಬಿಡಿಸಿ ನಿಲ್ಲಿಸಿದ ಕೂಡಲೇ ಟೀಚರಮ್ಮನ ಕಣ್ಣು ಗಂಧದ ಹಾರದ ಮೇಲೆ ಬಿತ್ತು.

ಅವರು ಸಂತೋಷದಿಂದ ಹೇಳಿದ್ದರ ಸಾರಾಂಶ ಇಷ್ಟು: ಎಷ್ಟು ಚೆಂದದ ಹಾರ, ಮೊನ್ನೆ ಅವರು ಚಿನ್ನ ಗೆದ್ದದ್ದಕ್ಕೆ ನಿಮ್ಮ ಸಂಪ್ರದಾಯದಲ್ಲಿ ಸನ್ಮಾನ ಮಾಡಿದ್ದೀಯಲ್ಲ, ಬಹಳ ಸೊಗಸು.

ಮೇಘಾ ಟೀಚರ ಮುಖ ನೋಡಿದಳು. "ಗೆದ್ದದ್ದಾ?" ಎಂದು ಇಂಗ್ಲಿಷಿನಲ್ಲೇ ಕೇಳಿದಳು. "ಇಲ್ಲ, ಅವರು ಗುರುವಾರ ಸತ್ತುಹೋದರು."

ಮುಂದಿನ ಸಾಲಿನ ಕೆಂಪು ಕೂದಲಿನ ಹುಡುಗಿಯೊಬ್ಬಳು, ಅವರು ಭಾನುವಾರ ಗೆದ್ದದ್ದನ್ನು ತಾನೇ ನೋಡಿದೆ ಎಂದಳು. ಇನ್ನೊಬ್ಬ ತಾನೂ ನೋಡಿದೆ ಎಂದ. ಇನ್ನು ನಾಲ್ಕು ಮಕ್ಕಳು ನೋಡಿದ್ದರು. ನಗು ಎಲ್ಲಿಂದಲೋ ಶುರುವಾಗಿ ಗೋಡೆಯಿಂದ ಗೋಡೆಗೆ ಹಬ್ಬಿತು.

ಮೇಘಾಳ ಕಿವಿ ಕೆಂಪಾಯಿತು. ಆದರೂ ಅವಳು ಗಲ್ಲ ಎತ್ತಿ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದಳು. "ನಮ್ಮ ತಾತ ನೋಡಿದ್ದಾರೆ. ನಮ್ಮ ತಾತ ಸುಳ್ಳು ಹೇಳಲ್ಲ."

ಎಲ್ಲ ತಲೆಗಳೂ ನನ್ನ ಕಡೆ ತಿರುಗಿದವು.

ನಾನು ಎದ್ದೆ. ಪುಟ್ಟ ಕುರ್ಚಿಯೂ ನನ್ನ ಜೊತೆ ಎದ್ದಿತು. ಅದನ್ನು ಬಿಡಿಸಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ಜೇಬಿನಿಂದ ಎರಡು ಪೇಪರು ಚೂರುಗಳನ್ನು ತೆಗೆದು ಟೀಚರಮ್ಮನ ಕೈಗೆ ಕೊಟ್ಟೆ. ನನ್ನ ಇಂಗ್ಲಿಷಿನಲ್ಲಿ ಹೇಳಿದೆ. "ಮೇಡಂ, ಚೈಲ್ಡ್ ನೋ ಮಿಸ್ಟೇಕ್. ಮ್ಯಾನ್ ಫಾಲಿಂಗ್, ಐ ಕ್ಲೋಸ್ ಟಿವಿ. ಮ್ಯಾನ್ ಗೆಟಿಂಗ್ ಅಪ್, ಐ ನಾಟ್ ಸೀಯಿಂಗ್. ಸಂಡೇ ಐ ನೋ. ಐ ನಾಟ್ ಟೆಲ್ಲಿಂಗ್. ಓನ್ಲಿ ಮೈ ಮಿಸ್ಟೇಕ್."

ಈ ಸಲ ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಟೀಚರಮ್ಮ ನನ್ನನ್ನು ಮೆತ್ತಗೆ ಕೂರಿಸಿ, ಮಕ್ಕಳ ಕಡೆ ತಿರುಗಿ, ಯಾವ ಸುದ್ದಿಯನ್ನೂ ಒಬ್ಬರ ಮಾತಿನ ಮೇಲೆ ಬರೆಯಬಾರದು, ಕನಿಷ್ಠ ಇಬ್ಬರನ್ನು ಕೇಳಬೇಕು ಎಂದು ಐದು ನಿಮಿಷ ಪಾಠ ಮಾಡಿದರು. ನಾನು ಆ ಪಾಠದ ಉದಾಹರಣೆಯಾಗಿ ಕೂತಿದ್ದೆ. ಮೇಘಾ ಮಾರ್ಕರ್ ತೆಗೆದುಕೊಂಡು "ಒಬ್ಬರು ಏಳಲಿಲ್ಲ" ಎನ್ನುವ ಸಾಲನ್ನು ಹೊಡೆದುಹಾಕಿ ಭಾಷಣ ಪೂರ್ತಿ ಮಾಡಿದಳು. ನಾಲ್ಕನೆಯವರ ಬಗ್ಗೆ ಬರೆದುಕೊಂಡಿದ್ದನ್ನು ಬಿಟ್ಟು, ಪೇಪರು ಚೂರನ್ನೇ ಓದಿದಳು.

ಸಂಜೆಯವರೆಗೆ ಅವಳು ನನ್ನ ಜೊತೆ ಮಾತಾಡಲಿಲ್ಲ. ಶಾಲೆಯಿಂದ ಬಂದು ಹಾಲು ಕುಡಿದು, ಲೋಟ ಕೆಳಗಿಟ್ಟು ಕೇಳಿದಳು.

"ಸಂಡೇನೇ ಗೊತ್ತಿತ್ತಾ, ತಾತ?"

"ಗೊತ್ತಿತ್ತು."

"ವೈ ಡಿಡಿಂಟ್ ಯೂ ಟೆಲ್ ಮೀ?"

"ನಿಮ್ಮಪ್ಪ ಅಮ್ಮಂಗೆ ಎಲ್ಲಾ ಗೊತ್ತು ಪುಟ್ಟಿ. ನಂಗೆ ಗೊತ್ತಿರೋದು ಇದೊಂದೇ ಅಂತ ನೀನು ಅಂದ್ಕೊಂಡಿದ್ದೆ. ಅದೂ ಗೊತ್ತಿಲ್ಲ ಅಂತ ಆಗ್ಬಿಡುತ್ತಲ್ಲ ಅಂತ ಭಯ ಆಯ್ತು."

"ನಿಂಗೆ ಸ್ಪೋರ್ಟ್ಸ್ ಜಾಸ್ತಿ ಗೊತ್ತಿಲ್ಲ ಅಂತ ನಂಗೆ ಗೊತ್ತಿತ್ತು" ಎಂದಳು. "ಲೈಬ್ರರೀಲಿ ನೀನು ಬುಕ್ ಅಪ್‌ಸೈಡ್ ಡೌನ್ ಹಿಡ್ಕೊಂಡಿದ್ದೆ. ಆದ್ರೂ ನಿನ್ ಜೊತೆ ಮಾಡೋದು ಫನ್ ಇತ್ತು."

ಇದಾದ ಮೇಲೆ ಇನ್ನೊಂದು ಕೆಲಸ ಉಳಿದಿತ್ತು. ಗೋಪಿನಾಥರಿಗೆ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿ, ಮುಂದಿನ ಸಭೆಯಲ್ಲಿ ಮೌನಾಚರಣೆಯನ್ನು ವಾಪಸ್ ತೆಗೆದುಕೊಳ್ಳಬೇಕೆಂದು ಕೇಳಿಕೊಂಡೆ.

"ಅದು ಹೆಂಗಾಗುತ್ತೆ ಅಂಕಲ್? ಮೌನ ಮಾಡಿದ್ದನ್ನ ಹೆಂಗೆ ವಾಪಸ್ ತಗೊಳ್ಳೋದು? ಒಂದು ನಿಮಿಷ ಗಲಾಟೆ ಮಾಡ್ಸಬೇಕಾ?" ಎಂದರು. ಆಮೇಲೆ ದನಿ ತಗ್ಗಿಸಿ, "ಈಗಾಗ್ಲೇ ನಮ್ಮ ನ್ಯೂಸ್‌ಲೆಟರಿಗೆ ಕಳಿಸಿಬಿಟ್ಟೆ. ನಿಮ್ಮ ಫೋಟೊನೂ ಹಾಕಿದೀವಿ. ಹೆಂಗೂ ಆಸ್ಟ್ರಿಯಾದವರು ಓದಲ್ಲ, ಬಿಡಿ ಅಂಕಲ್" ಎಂದರು.

ನನಗೆ ತಿಳಿದ ಮಟ್ಟಿಗೆ ಮೇರಿಲ್ಯಾಂಡಿನ ಕೆಲವು ಕನ್ನಡ ಮನೆಗಳಲ್ಲಿ ಅವರು ಇಂದಿಗೂ ಬದುಕಿಲ್ಲ. ಆ ವಾರದ ಬುಧವಾರ ಅವರು ಇನ್ನೊಂದು ಚಿನ್ನ ಗೆದ್ದರು. ಅವತ್ತು ನಾವೆಲ್ಲ ಒಟ್ಟಿಗೆ ಕೂತು ನೋಡಿದೆವು. ರಿಮೋಟು ಮೇಘಾಳ ಹತ್ತಿರ ಇತ್ತು. ಕೇಳಿದ್ದರೂ ಕೊಡುತ್ತಿರಲಿಲ್ಲ, ನಾನು ಕೇಳಲೂ ಇಲ್ಲ.

ಏಪ್ರಿಲ್‌ನಲ್ಲಿ ನಾವು ಮೈಸೂರಿಗೆ ಮರಳಿದೆವು. ಮಗು ನನ್ನನ್ನು ಕ್ಷಮಿಸಿತು, ನಂಬಿಕೆಯೂ ಪೂರ್ತಿ ಮರಳಿತು ಎಂದುಕೊಂಡಿದ್ದೆ. ಮಳೆಗಾಲದಲ್ಲಿ ನಾನು ಜ್ವರ ಹಿಡಿದು ಮಲಗಿದಾಗ ಫೋನು ಬಂತು.

"ತಾತ, ಜ್ವರ ಹೋಯ್ತಾ?"

"ಹೋಯ್ತು ಪುಟ್ಟಿ. ಈಗ ಆರಾಮಾಗಿದ್ದೀನಿ."

"ಓಕೆ. ಅಜ್ಜಿಗೆ ಫೋನ್ ಕೊಡು."

"ಯಾಕೆ?"

"ಇಬ್ಬರನ್ನ ಕೇಳ್ಬೇಕು ತಾತ."

ಸರೋಜ ಫೋನು ತೆಗೆದುಕೊಂಡು, ಇನ್ನೊಂದು ಕೈಯಲ್ಲಿ ಥರ್ಮಾಮೀಟರನ್ನು ಕಿಟಕಿಯ ಬೆಳಕಿಗೆ ಹಿಡಿದಳು. "ಇಲ್ಲ ಕಣೇ, ನೂರಾ ಎರಡು ಇದೆ" ಎಂದಳು.

ನಾನು ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡೆ.